ಸರ್ ಎನ್ನಲು ಎರಡು ದಿನ

ಒಲಿಂಡಾ ರೇಗೊ ಇಪ್ಪತ್ತೆರಡನೇ ವಯಸ್ಸಿನಲ್ಲಿ ಮಂಗಳೂರು ಬಂದರಿನ ಬ್ಯಾಂಕ್ ಶಾಖೆಗೆ ಗುಮಾಸ್ತೆಯಾಗಿ ಸೇರಿದಾಗ ಆಕೆಗಿದ್ದ ಆಸೆ ಒಂದೇ: ಸಂಜೆ ಆರರೊಳಗೆ ಬಿಜೈಯಲ್ಲಿದ್ದ ಮನೆ ಸೇರುವುದು. ಆಫೀಸರ್ ಬಡ್ತಿ ಎರಡು ಸಲ ಬಂತು, ಎರಡು ಸಲವೂ ಬೇಡವೆಂದಳು. ಮೊದಲ ಸಲ ಮಗಳು ಮೆಲಿಸಾ ಹೊಟ್ಟೆಯಲ್ಲಿದ್ದಳು. ಮುಂದಿನ ಸಲ ಅತ್ತೆ ಹಾಸಿಗೆ ಹಿಡಿದಿದ್ದರು. ಮೂರನೆಯ ಸಲ ಮ್ಯಾನೇಜರ್ ಮೋಹನದಾಸರು ಕರೆದು ಕೇಳಿದರು:

“ಈ ಸಲ ಎಂತ ಕಾರಣ?”

“ಹುಡುಕ್ತಾ ಇದ್ದೇನೆ ಸರ್.”

“ಸಿಗದಿದ್ರೆ ಸಹಿ ಹಾಕಿ ಮಾರಾಯ್ರೆ.”

ಹಾಕಿದಳು. ಹುಬ್ಬಳ್ಳಿ, ನಾಗಪುರ, ಸೂರತ್ ಎಂದು ವರ್ಗವಾಗುತ್ತ ಹೋಯಿತು. ಬಹರೈನಿನಲ್ಲಿದ್ದ ಗಂಡ ಲಯನೆಲ್ ಕೆಲಸ ಬಿಟ್ಟು ಬಂದು ಮನೆ ನೋಡಿಕೊಂಡ. ಮೊದಲ ವರ್ಷ ಮೆಲಿಸಾ ವಾರಕ್ಕೆ ಐದು ದಿನ ಆಮ್ಲೆಟ್ ತಿಂದಳು.

ನಾಗಪುರದಲ್ಲಿ ಒಲಿಂಡಾಳಿಗೆ ಕಾರ್ಖಾನೆಗಳಿಗೆ ಸಾಲ ಕೊಡುವ ವಿಭಾಗ ಸಿಕ್ಕಿತು. ಅಲ್ಲೊಂದು ನೂಲಿನ ಗಿರಣಿಯ ಕಾಗದಪತ್ರಗಳೆಲ್ಲ ಸರಿಯಾಗಿದ್ದವು. ಆಕೆ ಹೋಗಿ ಗಿರಣಿಯ ಕ್ಯಾಂಟೀನಿನಲ್ಲಿ ಕುಳಿತಳು. ಎರಡು ತಿಂಗಳಿಂದ ಚಹಾ ಇಲ್ಲ, ದುಡ್ಡು ಸಿಗದೆ ಹಾಲಿನವನು ಬರುವುದನ್ನು ನಿಲ್ಲಿಸಿದ್ದಾನೆ ಎಂದು ಅಡುಗೆಯವನು ಹೇಳಿದ. ಸಾಲ ಕೊಡುವುದು ಬೇಡವೆಂದು ಆಕೆ ವರದಿ ಬರೆದಳು. ಮೇಲಧಿಕಾರಿ ಕೂಗಾಡಿದರು. ಆರು ತಿಂಗಳಲ್ಲಿ ಗಿರಣಿ ಮುಚ್ಚಿತು, ಒಲಿಂಡಾಳ ಹೆಸರು ಮಂಗಳೂರಿನ ಪ್ರಧಾನ ಕಚೇರಿಗೆ ಮುಟ್ಟಿತು. ಐವತ್ತನಾಲ್ಕಕ್ಕೆ ಆಕೆ ಅಲ್ಲಿಯೇ ಜನರಲ್ ಮ್ಯಾನೇಜರ್ ಆದಳು.

ಈ ವರ್ಷ ನಿರ್ದೇಶಕರ ಹುದ್ದೆಯೊಂದು ಖಾಲಿಯಾಯಿತು. ಕೊನೆಗೆ ಉಳಿದದ್ದು ಎರಡೇ ಹೆಸರು: ಆಕೆ, ಮತ್ತು ಆಕೆಯ ಕೈಕೆಳಗೆ ಕೆಲಸ ಕಲಿತ ಸುಜಿತ್. ಹುದ್ದೆ ಸುಜಿತನಿಗೆ ಹೋಯಿತು.

ಒಲಿಂಡಾ ಎರಡು ದಿನ ರಜೆ ಹಾಕಿದಳು. ಫೋನ್ ಎತ್ತಲಿಲ್ಲ. ಮನೆಯ ಕಪಾಟುಗಳನ್ನೆಲ್ಲ ಖಾಲಿ ಮಾಡಿ ಮತ್ತೆ ತುಂಬಿಸಿದಳು. ಲಯನೆಲ್ ಏನೂ ಕೇಳದೆ ಕಾಣೆ ಮೀನು ತಂದು ಹುರಿದ. ಮೂರನೆಯ ಬೆಳಿಗ್ಗೆ ಆಕೆಯೇ ಸುಜಿತನಿಗೆ ಫೋನ್ ಮಾಡಿದಳು.

“ಮೇಡಂ, ಬೇಜಾರುಂಟಾ?” ಎಂದ ಸುಜಿತ್.

“ತುಂಬಾ ಇತ್ತು. ಈಗ ಸ್ವಲ್ಪ ಉಂಟು. ಮೀಟಿಂಗಲ್ಲಿ ನಿನ್ನನ್ನು ಸರ್ ಅಂತೇನೆ, ಲಿಫ್ಟಲ್ಲಿ ಅನ್ನುವುದಿಲ್ಲ.”

“ಮೀಟಿಂಗಲ್ಲಿ ಬೈತೀರಾ?”

“ಬೈಯುವಂಥದ್ದು ತಂದ್ರೆ ಬೈತೇನೆ.”

ಮುಂದಿನ ವಾರವೇ ತಂದ. ಗೋವಾದಲ್ಲಿ ಹಡಗು ರಿಪೇರಿ ಮಾಡುವ ಕಂಪೆನಿಯೊಂದಕ್ಕೆ ದೊಡ್ಡ ಸಾಲ.

“ಸರ್, ಇದರಲ್ಲಿ ಅವಸರ ಜಾಸ್ತಿ ಕಾಣ್ತದೆ,” ಎಂದು ಒಲಿಂಡಾ ಎಲ್ಲರೆದುರು ಹೇಳಿದಳು. ಸುಜಿತ್ ಸ್ವಲ್ಪ ಯೋಚಿಸಿ ಕಡತವನ್ನು ಆಕೆಯತ್ತ ಸರಿಸಿದ.

“ಹಾಗಾದ್ರೆ ನೀವೇ ಹೋಗಿ ನೋಡಿ ಬನ್ನಿ ಮೇಡಂ. ನೀವು ಹೂಂ ಅಂದ್ರೆ ಕೊಡುವ.”

ಸಂಜೆ ಆಕೆ ಮನೆಗೆ ಬಂದು ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಾಗ ಲಯನೆಲ್ ಬಾಗಿಲಲ್ಲಿ ನಿಂತ.

“ಎಲ್ಲಿಗೆ?”

“ಗೋವಾಕ್ಕೆ. ನಾಳೆ ಬೆಳಗ್ಗಿನ ರೈಲು.”

“ನಾನೂ ಬರ್ತೇನೆ.”

“ಹಡಗಿನ ಯಾರ್ಡಿನ ಒಳಗೆ ನಿನ್ನನ್ನು ಬಿಡುವುದಿಲ್ಲ.”

“ಬೇಡ. ಹೊರಗೆ ಒಂದು ಒಳ್ಳೆ ಹೋಟೆಲ್ ಇರಬಹುದಲ್ಲ,” ಎಂದು ಅವನು ತನ್ನ ಅಂಗಿಗಳನ್ನು ತರಲು ಹೋದ.