ಎರಡನೆಯ ಚೌಕಟ್ಟು

ನಮ್ಮ ಮನೆಯಲ್ಲಿ ಚಹಾಪುಡಿಯ ಡಬ್ಬಿಗೂ ಕೀಲಿ ಇತ್ತು. ಆ ಕೀಲಿ ನನ್ನ ನೆಗೆಣ್ಣಿ ಪಾರ್ವತಿಬಾಯಿಯ ಸೊಂಟದಲ್ಲಿ. ತಲೆನೋವೆಂದು ಒಂದು ಕಪ್ ಚಹಾ ಬೇಕಾದರೂ ಅವಳ ಮುಂದೆ ಹೋಗಿ ನಿಲ್ಲಬೇಕು. ಅವಳು ನನ್ನ ಮುಖ ನೋಡಿ, ನಿಜವಾಗಿ ನೋಯುತ್ತಿದೆಯೋ ಇಲ್ಲವೋ ತೀರ್ಮಾನಿಸಬೇಕು. ಸೋಲಾಪುರದ ದೊಡ್ಡ ಅಡತಿ ವ್ಯಾಪಾರಿಗಳ ಸೊಸೆ ಎಂದು ತವರಿನವರು ಹಿಗ್ಗುತ್ತಿದ್ದರು. ಹಿಗ್ಗಲಿ ಪಾಪ.

ನನಗೆ ಬೇಕಾಗಿದ್ದು ನನ್ನದೇ ಒಂದು ಒಲೆ. ಮಾವನವರು ಸಾಯುವ ಮುಂಚೆ ಹಿರಿಯರ ಎದುರು ಇಬ್ಬರು ಮಕ್ಕಳಿಂದಲೂ ಮಾತು ತೆಗೆದುಕೊಂಡಿದ್ದರು: ಹಳೆಯ ವಾಡೆ ಕೆಡವಿ ಹೊಸ ಮನೆ ಕಟ್ಟಬೇಕು, ಗೃಹಪ್ರವೇಶವಾದ ಮೇಲೆ ಸರಿಸಮ ಪಾಲಾಗಬೇಕು. ಎಪ್ಪತ್ತೈದನೆಯ ಇಸವಿಯಲ್ಲಿ ಹೊಸ ಮನೆ ಎದ್ದು ನಿಂತಿತು. ನಾವೆಲ್ಲ ಹಿತ್ತಲ ಕೋಣೆಗಳಲ್ಲಿ ಒಬ್ಬರ ಮೇಲೊಬ್ಬರು ಬಿದ್ದುಕೊಂಡಿದ್ದೆವು. ಉಳಿದಿದ್ದು ತಲೆಬಾಗಿಲಿನ ಚೌಕಟ್ಟು ಒಂದೇ.

ಅದನ್ನು ಕೆತ್ತಲು ಪಾರ್ವತಿಬಾಯಿಯ ಗಂಡ, ನನ್ನ ಭಾವ ಚನ್ನವೀರಪ್ಪನವರು ನನ್ನ ತವರೂರು ಅಕ್ಕಲಕೋಟದಿಂದ ಬಡಿಗೇರ ಮೌನಪ್ಪ ಪಾಂಚಾಳನನ್ನು ಕರೆಸಿದರು. ಸಾಗವಾನಿಗೆ ಉಳಿ ಹಚ್ಚುವ ದಿನ ಅವನ ಮುಂಗೈಗೆ ಕಂಕಣ ಕಟ್ಟಿದರು. ಅವನ ಮನೆತನದ ರೂಢಿ ಅದು: ಚೌಕಟ್ಟಿನ ನೆತ್ತಿಯ ಮೇಲಿನ ಬಸವಣ್ಣನಿಗೆ ಕಣ್ಣು ಬಿಡಿಸಿ, ಗೃಹಪ್ರವೇಶ ಮುಗಿದು ಮನೆಯ ಹಿರಿಯ ಕಂಕಣ ಬಿಚ್ಚುವ ತನಕ ಕೆತ್ತುವವನು ಊರ ಸೀಮೆ ದಾಟುವ ಹಾಗಿಲ್ಲ; ಕಣ್ಣು ಬಿಡಿಸಿದ ಮೇಲೆ ಆ ಮರಕ್ಕೆ ಮತ್ತೆ ಉಳಿ ತಾಕಿಸುವ ಹಾಗಿಲ್ಲ.

ಶ್ರಾವಣದ ಹೊತ್ತಿಗೆ ಬಳ್ಳಿ, ಕಮಲದ ಎಸಳು, ಮುತ್ತಿನ ಸಾಲು ಎಲ್ಲ ಮುಗಿದಿತ್ತು. ಅಷ್ಟರಲ್ಲೇ ಅಕ್ಕಲಕೋಟದಿಂದ ಸುದ್ದಿ ಬಂತು: ಮದುವೆಯಾಗಿ ಎಷ್ಟೋ ವರ್ಷಕ್ಕೆ ಮೌನಪ್ಪನ ಹೆಂಡತಿ ಗುರುಬಾಯಿ ಹೆಣ್ಣು ಹಡೆದಿದ್ದಳು. ಅಪ್ಪ ಬರುವ ತನಕ ಕೂಸಿಗೆ ಹೆಸರಿಡುವುದಿಲ್ಲ ಎಂದು ಹೇಳಿ ಕಳಿಸಿದ್ದಳು. ಎಸ್‌ಟಿ ಬಸ್ಸಿನಲ್ಲಿ ಬರೀ ಒಂದು ತಾಸಿನ ದಾರಿ.

ನಾಳೆ ಕಣ್ಣು ಬಿಡಿಸುತ್ತೇನೆ ಎಂದು ಅವನು ಹೇಳಿದ. ಭಾವ ಚೌಕಟ್ಟಿನ ಸುತ್ತ ಓಡಾಡಿ, ಬಳ್ಳಿಯ ಮಗ್ಗುಲು ಖಾಲಿ ಕಾಣುತ್ತದೆ, ಗಿಳಿ ಬರಲಿ ಎಂದರು. ಗಿಳಿ ಬಂದವು. ಗಿಳಿಯ ಕೆಳಗೆ ಹಂಸ ಬರಲಿ ಎಂದರು. ಆಮೇಲೆ ಹಂಸದ ಬಾಯಲ್ಲಿ ಎಲೆ, ಎಲೆಗೆ ನರ. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಬಂದವರೆಲ್ಲ ಚೌಕಟ್ಟು ಸವರಿ ಸವರಿ ಹೊಗಳುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಒಂದೊಂದು ಗಿಳಿಯೂ ನನ್ನ ಒಲೆಯ ಮೇಲೇ ಬಂದು ಕುಳಿತ ಹಾಗೆ.

ಒಂದು ಮಧ್ಯಾಹ್ನ ಅವನಿಗೆ ರೊಟ್ಟಿ ಬಡಿಸುವಾಗ ಬಾಯಿಬಿಟ್ಟೆ. ಭಾವನಿಗೆ ಗಿಳಿಯೂ ಬೇಡ, ಹಂಸವೂ ಬೇಡ. ಪಾಲು ಮುಂದಕ್ಕೆ ಹೋಗುತ್ತಲೇ ಇರಬೇಕು, ಅಷ್ಟೇ ಎಂದೆ. ಮೌನಪ್ಪ ಕೈಯಲ್ಲಿನ ತುತ್ತು ಹಾಗೇ ಹಿಡಿದು ಕುಳಿತ.

"ಮಗಳು ಅಂಬಿಗಾಲ ಇಡಾಕತ್ತಾಳಂತ್ರಿ ಅಕ್ಕಾರ," ಎಂದ. "ನಾ ಇನ್ನೂ ಅದರ ಮಾರಿ ನೋಡಿಲ್ಲ."

"ಮತ್ತ ಯಾರನ್ನ ಕೇಳ್ಕೋತ ಕುಂತೀದಿ?" ಎಂದೆ. "ಕಣ್ಣ ಬಿಡಸು."

ಅರ್ಧ ಊಟಕ್ಕೇ ಎದ್ದು, ಸಣ್ಣ ಉಳಿ ತೆಗೆದುಕೊಂಡು, ಬಸವಣ್ಣನ ಎರಡೂ ಕಣ್ಣು ಬಿಡಿಸಿಬಿಟ್ಟ. ಭಾವ ಅಂಗಡಿಯಿಂದ ಬಂದು ನೋಡಿದರು. ಬೈಯಲಿಲ್ಲ. ಚೌಕಟ್ಟಿನ ಪಕ್ಕದಲ್ಲಿ ಕುಳಿತು, ಅಪ್ಪನ ಮನೆ ನನ್ನ ಕಾಲದಲ್ಲೇ ಒಡೆಯಿತಲ್ಲ ಎಂದು ಅತ್ತರು. ಒಂದು ಗಳಿಗೆ ನನಗೂ ಪಾಪ ಎನ್ನಿಸಿತು. ಆಮೇಲೆ ಚಹಾದ ಡಬ್ಬಿ ನೆನಪಾಯಿತು.

ಗೃಹಪ್ರವೇಶವಾಯಿತು, ಹಿರಿಯರು ಕೂತರು. ಮನೆಯ ನಡುವೆ ಗೋಡೆ ಎಂದು ತೀರ್ಮಾನವಾಯಿತು. ತಲೆಬಾಗಿಲು ಭಾವನ ಪಾಲಿಗೆ. ನಮ್ಮ ಪಾಲಿಗೆ ಬೀದಿಯ ಕಡೆ ಬೇರೊಂದು ಬಾಗಿಲು ಕೂರಿಸುವುದು. ಒಲೆ ಯಾವ ಮೂಲೆಗೆ ಹೂಡಲಿ ಎಂದು ನಾನು ಒಳಗೆ ನಿಂತು ಯೋಚಿಸುತ್ತಿದ್ದೆ. ಆಗ ನನ್ನ ಗಂಡ ಶಾಂತಪ್ಪ ಬಾಯಿ ತೆರೆದರು.

"ಸರಿಸಮ ಅಂದ್ರ ಸರಿಸಮ. ಅಂಥಾದ್ದೇ ಚೌಕಟ್ಟು ನನಗೂ ಬೇಕು. ಒಂದು ಎಲಿ ಕಡಿಮಿ ಇದ್ರೂ ನಾ ಪಾಲ ಒಲ್ಲೆ."

ಹಿರಿಯರು ಹೌದು ಹೌದೆಂದರು. ಆ ಚೌಕಟ್ಟು ಆಗುವ ತನಕ ಪಾಲು ನಿಂತಿತು. ಭಾವ ಎಷ್ಟೋ ದಿನದ ಮೇಲೆ ನಕ್ಕರು. ಬೋಳು ಬಾಗಿಲು ಸಾಕು, ಅದೂ ಇಲ್ಲದಿದ್ದರೆ ಗೋಣಿತಟ್ಟು ಕಟ್ಟಿಕೊಂಡು ಇರೋಣ ಎಂದು ಗಂಡನಿಗೆ ಹೇಳಿ ಹೇಳಿ ಸೋತೆ. ಬಾಗಿಲು ನೋಡಿ ಬೀದಿಯ ಜನ ಯಾರು ಹೆಚ್ಚು ಯಾರು ಕಡಿಮೆ ಎಂದು ಮಾತಾಡುತ್ತಾರಂತೆ. ಕೆತ್ತಿದವನು ಬದುಕಿರುವಾಗ ಅವನ ಕೆಲಸವನ್ನು ಬೇರೆ ಬಡಿಗೇರ ನಕಲು ಮಾಡುವುದಿಲ್ಲ, ಮೌನಪ್ಪನೇ ಕೆತ್ತಬೇಕು. ಮಗಳನ್ನು ನೋಡಿ ಬರುತ್ತೇನೆ ಎಂದ. ಭಾವ ಕಂಕಣ ಬಿಚ್ಚಿ, ತಾವೇ ಬಸ್ ಸ್ಟ್ಯಾಂಡಿಗೆ ಹೋಗಿ, ಕೂಸಿಗೆಂದು ಪೇಢೆ ಕೊಟ್ಟು, ಅವಸರ ಮಾಡಬೇಡ ಎಂದು ಹೇಳಿ ಹತ್ತಿಸಿ ಬಂದರು.

ಅವನು ತಿರುಗಿ ಬರಲಿಲ್ಲ. ನನ್ನ ಗಂಡ ಕರೆಯಲು ಹೋದಾಗಲೆಲ್ಲ ಊರಲ್ಲಿಲ್ಲ ಎಂಬ ಉತ್ತರ. ಪಂಚಮಿಗೆ ತವರಿಗೆ ಹೋದವಳು ನಾನೇ ಅವನ ಮನೆಗೆ ಹೋದೆ. ಗುರುಬಾಯಿ ಕೂಸನ್ನು ನನ್ನ ಮಡಿಲಿಗೆ ಹಾಕಿದಳು. ಹೆಸರೇನು ಎಂದು ಕೇಳಿದೆ. ಕಸ್ತೂರಿ ಎಂದಳು. ನೀವು ಹೇಳಿದ್ದಕ್ಕೇ ಇವರು ಮನೆ ಮುಟ್ಟಿದರು, ಅದಕ್ಕೇ ನಿಮ್ಮ ಹೆಸರು ಎಂದಳು. ಮೌನಪ್ಪ ಒಳಗಿನಿಂದ ಬಂದು ಕಂಬ ಹಿಡಿದು ನಿಂತ.

"ಮತ್ತೊಮ್ಮಿ ಕಂಕಣಾ ಕಟಗೊಳ್ಳೂದು ನನ್ನಿಂದ ಆಗಂಗಿಲ್ರಿ ಅಕ್ಕಾರ," ಎಂದ. "ಈ ಕೂಸು ಮೊದಲ ನನ್ನ ಕಂಡ್ರ ಅಂಜಿ ಅಳತಿತ್ತು."

ಖರೆಯೇ ಇರಬೇಕು. ಈಗ ಅದು ನನ್ನ ಮಡಿಲಿಂದ ಜಾರಿ ಅವನ ಕಡೆಗೇ ಹೋಯಿತು.

"ಕೂಸಿಗೆ ನನ್ನ ಹೆಸರ ಇಟ್ಟೀಪಾ, ಛೊಲೋ ಆತು," ಎಂದೆ. "ನನಗ ಬೇಕಾಗಿದ್ದು ಬಾಗಲಾ ಇತ್ತು."

ಅವನು ಕೂಸನ್ನು ಎತ್ತಿಕೊಂಡ. ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಬಂದಿದ್ದೆ. ಆದರೆ ಬೈಯುವುದು ಯಾರನ್ನು? ಕಣ್ಣು ಬಿಡಿಸು ಎಂದು ಹೇಳಿದವಳು ನಾನೇ. ಅವನನ್ನು ಆ ಮನೆಯಿಂದ ಹೊರಗೆ ಕಳಿಸಿದವಳು ನಾನು, ಪಾರ್ವತಿಬಾಯಿಯ ಕೀಲಿಯ ಒಳಗೆ ಉಳಿದವಳೂ ನಾನೇ.