ವಾಸಿಯಾದವಳ ಬೆಂಚು

“ನಗೇ, ದರಿದ್ರದೋಳೇ! ಇದು ವಾಸಿಯಾದೋಳ ಮುಖಾನಾ? ಹೆಣ ಕಾಯೋಕೆ ಕೂತೋಳ ಹಾಗಿದೀಯ.”

ಪಂಡಿತ ಅವಳ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದ. ಅವಳು ನಕ್ಕಳು.

ಅವನ ಔಷಧಿಯ ಬೇರು, ತೊಗಟೆಗಳನ್ನು ಹಿತ್ತಲಿನ ಒರಳಲ್ಲಿ ಕುಟ್ಟುವುದು ಅವಳ ಕೆಲಸ. ಎಲ್ಲರ ಬಾಯಲ್ಲೂ ಅವಳು ಕುಟ್ಟೋಳು. ರೋಗಿಗಳು ಬರುವ ದಿನ ಮಾತ್ರ ಒನಕೆಯಿಂದ ಬಿಡುವು. ಅಂದು ಪಂಡಿತನ ಹೆಂಡತಿಯ ಹಳೆಯ ಹಸಿರು ಅಂಗಿ ತೊಟ್ಟು, ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು, ಕೇಳಿದವರಿಗೆಲ್ಲ ಹೇಳಬೇಕು: ನನಗೂ ಎದೆಯಲ್ಲಿ ಕ್ಯಾನ್ಸರ್ ಗಂಟಿತ್ತು, ಇವರ ಲೇಪಕ್ಕೇ ಕರಗಿತು.

ಮೊದಮೊದಲು ಅದು ಸುಳ್ಳೆಂದು ಅವಳಿಗೇ ಗೊತ್ತಿರಲಿಲ್ಲ.

ಗಂಟು ಕಂಡಾಗ ಅವಳು ಹೋದದ್ದು ದೊಡ್ಡಾಸ್ಪತ್ರೆಗೇ. ಡಾಕ್ಟರ್ ಪರದೆಯನ್ನೂ ಎಳೆಯದೆ ಅಂಗಿ ಬಿಚ್ಚಿಸಿ, ಸುತ್ತ ನಿಂತ ವಿದ್ಯಾರ್ಥಿಗಳಿಗೆ ಪೆನ್ನಿನ ತುದಿಯಿಂದ ಗಂಟನ್ನು ತೋರಿಸಿದ. ಒಬ್ಬೊಬ್ಬರಾಗಿ ಬಂದು ಒತ್ತಿ ನೋಡಿದರು. ತಣ್ಣನೆಯ ಕೈಗಳು. ಅವಳ ಮುಖವನ್ನು ಯಾರೂ ನೋಡಲಿಲ್ಲ.

“ಏನಾಗಿದೆ ಸಾರ್ ನಂಗೆ?”

“ಹೇಳಿದ್ರೆ ನಿಂಗೆ ತಿಳಿಯುತ್ತಾ? ಮೊಲೆ ತೆಗೀಬೇಕು. ಜೊತೆಗೆ ಯಾರಿದಾರೆ, ಕರಿ.”

“ಯಾರೂ ಇಲ್ಲ ಸಾರ್.”

“ಯಾರೂ ಇಲ್ದೆ ಸೇರಿಸ್ಕೊಳಲ್ಲ. ಯಾರನ್ನಾದ್ರೂ ಹಿಡ್ಕೊಂಡು ಬಾ. ನೆಕ್ಸ್ಟ್!”

ಹಿಡಿದುಕೊಂಡು ಹೋಗಲು ಅವಳಿಗಿದ್ದದ್ದು ಒನಕೆ ಒಂದೇ. ಹಿತ್ತಲಲ್ಲಿ ಅಳುತ್ತ ಕುಟ್ಟುತ್ತಿದ್ದವಳನ್ನು ಪಂಡಿತ ನೋಡಿದ. “ಊಟ ಆಯ್ತೇನಮ್ಮಾ?” ಎಂದ. ಆಮೇಲೆ, “ಕುಯ್ಯೋ ಕೈಗೆ ನಿನ್ನ ಕೊಡ್ತೀನಾ ತಂಗಿ? ನಾನಿಲ್ವಾ?” ಎಂದ.

ಆ ‘ನಾನಿಲ್ವಾ’ ಅವಳ ನೆತ್ತಿಯಿಂದ ಅಂಗಾಲಿನವರೆಗೂ ಇಳಿಯಿತು. ತನ್ನ ಲೇಪಕ್ಕೆ ಬೇಕಾದ ಬೇರನ್ನು ತಾನೇ ಕುಟ್ಟಿದಳು, ಹಾಲು ಕುಡಿಯುವ ಮಗುವಿಗೆ ಮದ್ದು ಅರೆಯುವ ಹಾಗೆ. ದಿನವೂ ಹಚ್ಚಿ, ಅಂಗೈಯಿಂದ ತಡವಿ ನೋಡುತ್ತಿದ್ದಳು. ಒನಕೆ ಹಿಡಿದು ಜಡ್ಡುಗಟ್ಟಿದ ಅಂಗೈ. ಅದಕ್ಕೆ ಗಂಟು ಮೆತ್ತಗಾದಂತೆಯೇ ತೋರಿತು. “ಕರಗ್ತಿದೆ ಅಣ್ಣಾ!” ಎಂದು ಓಡಿಬಂದು ಹೇಳಿದಳು. ಬಾಗಿಲ ಪಕ್ಕ ಬೆಂಚು ಬಂದದ್ದು ಆಮೇಲೆ.

ಗಂಟು ಒಡೆದು ಸೋರತೊಡಗಿದಾಗ, “ಕೆಟ್ಟದ್ದೆಲ್ಲ ಹೊರಗೆ ಹೋಗ್ತಿದೆ ಬಿಡು” ಎಂದ ಪಂಡಿತ. ವಾಸನೆ ಬಂದಾಗ ಅತ್ತರಿನ ಸೀಸೆ ಕೊಟ್ಟ. ಊಟ ಆಯ್ತಾ ಎಂದು ಕೇಳುವುದನ್ನು ಮಾತ್ರ ಯಾವಾಗಲೋ ಬಿಟ್ಟಿದ್ದ.

ಇವತ್ತಿನ ಸಾಲಿನಲ್ಲಿ ತನ್ನ ಅತ್ತೆಯ ಹಿಂದೆ ಒಬ್ಬ ಟೈಲರ್ ಹೆಂಗಸು ನಿಂತಿದ್ದಳು. ಎಳೆ ವಯಸ್ಸು, ಅಂಗಿಯ ಅಂಚಿಗೆ ದಾರದ ಎಳೆಗಳು ಅಂಟಿದ್ದವು. ಬೆಂಚಿನ ಬಳಿ ಬಗ್ಗಿ ಕೇಳಿದಳು:

“ಅಕ್ಕಾ, ನಿಜವಾಗ್ಲೂ ಕರಗಿತಾ? ನಾಡಿದ್ದು ಆಸ್ಪತ್ರೆಗೆ ಬಾ ಅಂದಿದಾರೆ. ಸಣ್ಣದಿದೆ, ಈಗ್ಲೇ ತೆಗೆದ್ರೆ ಉಳ್ಕೋತೀಯ ಅಂದ್ರು.”

“ಉಳ್ಕೊಂಡು ಏನ್ ಮಾಡ್ತೀಯ?” ಅತ್ತೆ ತಿರುಗಿದಳು. “ಅರ್ಧ ಎದೆಯೋಳ್ನ ನನ್ ಮಗ ಶೋಕೇಸಲ್ಲಿ ಇಟ್ಕೋತಾನಾ?”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಟೈಲರ್ ಹೆಂಗಸು ದನಿ ಇಳಿಸಿದಳು. “ಎಲ್ಲಿತ್ತು ಅಕ್ಕಾ? ಒಂಚೂರು ಮುಟ್ಲಾ?”

ಮುಟ್ಲಾ ಎಂದು ಕೇಳಿ ಅವಳನ್ನು ಈವರೆಗೆ ಯಾರೂ ಮುಟ್ಟಿರಲಿಲ್ಲ. ಹೂಂ ಎಂದದ್ದು ತಾನೇನಾ ಎಂದು ತಿಳಿಯುವ ಮೊದಲೇ ಆ ಬೆರಳು ಹಸಿರು ಅಂಗಿಯ ಮೇಲಿತ್ತು. ಬೆರಳು ಒದ್ದೆಯಾಯಿತು.

ಕುಟ್ಟೋಳು ಗುಂಡಿ ಬಿಚ್ಚಿದಳು. ಒಂದೊಂದಾಗಿ, ಎಲ್ಲವನ್ನೂ. ಹುಣ್ಣಿಗೆ ಕಟ್ಟಿದ್ದ ಪಟ್ಟಿ ಎಳೆದು ತೆಗೆದಳು.

“ಕರಗಿಲ್ಲಮ್ಮ. ನನ್ ಕೈ ಜಡ್ಡು. ನಂಗೆ ಗೊತ್ತಾಗ್ಲಿಲ್ಲ.”

ಒಬ್ಬ ಮುದುಕ ಮೂಗು ಮುಚ್ಚಿಕೊಂಡ. ಆಗ ಅತ್ತೆ ಎಂದಳು: “ಪಥ್ಯ ಕೆಡಿಸಿರ್ತಾಳೆ ಮುಂಡೆ.”

“ಅದೇ ಮತ್ತೆ,” ಎಂದರು ಯಾರೋ. ತಲೆಗಳು ಆಡಿದವು. ಮುಳುಗುವವರಿಗೆ ಹಲಗೆ ಸಿಕ್ಕಂತೆ ಎಲ್ಲರ ಮುಖವೂ ಹಗುರಾಯಿತು.

ಪಂಡಿತ ಒಳಗಿನಿಂದ ನುಗ್ಗಿ ಬಂದ. “ಬೇವರ್ಸಿ! ಮುಚ್ಕೊಂಡು ಹಿತ್ತಲಿಗೆ ನಡಿಯೇ!”

“ಹಿತ್ತಲಲ್ಲಿ ಯಾರಿಗೆ ತೋರಿಸ್ಲಿ? ಬೆಂಚಿನ ಮೇಲೆ ಕೂರಿಸ್ದೋನು ನೀನೇ ಅಲ್ವೇನೋ ಅಣ್ಣಾ? ಕೂತಿದೀನಿ.”

ಅವನು ತೋಳು ಹಿಡಿದು ಎಳೆದ. ಒನಕೆ ಎತ್ತಿದ ತೋಳು, ಕದಲಲಿಲ್ಲ. ಬೆಂಚಿನ ಅಂಚನ್ನು ಜಡ್ಡುಗೈಗಳಿಂದ ಬಿಗಿಹಿಡಿದು ಅವಳು ಟೈಲರ್ ಹೆಂಗಸಿನ ಕಡೆ ನೋಡಿದಳು.

“ನಾಡಿದ್ದು ಹೋಗು. ಜೊತೆಗೆ ಯಾರಿದಾರೆ ಅಂತ ಕೇಳ್ತಾರೆ. ಯಾರೂ ಇಲ್ದಿದ್ರೆ ನನ್ನ ಕರಿ.”

ಅತ್ತೆ ಸೊಸೆಯ ರಟ್ಟೆ ಹಿಡಿದು ಸಾಲಿಗೆ ಎಳೆದುಕೊಂಡಳು. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಟೈಲರ್ ಹೆಂಗಸೂ ಸರಿದಳು. ಒದ್ದೆಯಾದ ಬೆರಳನ್ನು ಮಾತ್ರ ಬಟ್ಟೆಗೆ ಒರೆಸಿಕೊಳ್ಳದೆ, ಮೈಯಿಂದ ದೂರ, ಹಾಗೆಯೇ ಹಿಡಿದಿದ್ದಳು.

ಹೊರಗೆ ಇನ್ನೂ ಜನ ಬರುತ್ತಿದ್ದರು. ಒಳಗೆ ಕಾಲಿಡಲು ಎಲ್ಲರೂ ಆ ಬೆಂಚನ್ನು ದಾಟಲೇಬೇಕಿತ್ತು.