ಸೀಟಿಗೆ ಮುಂಚೆ

ಕಪ್ಪು ರಬ್ಬರಿನ ಇಟ್ಟಿಗೆಯನ್ನು ಎದೆಗವಚಿಕೊಂಡು ಟವೆಲಕ್ಕ ನೀರಿನಿಂದ ತಲೆ ಎತ್ತಿದಾಗ ಮೊದಲು ಕಿವಿಗೆ ಬಿದ್ದದ್ದು ತಟ್ಟೆ ಬಡಿಯುವ ಸದ್ದು. ಅಡುಗೆಮನೆಯವರು ಸ್ಟೀಲ್ ತಟ್ಟೆ, ಸೌಟು ಹಿಡಿದೇ ಬಂದಿದ್ದರು. ಲಾಂಡ್ರಿಯ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕೂಗುತ್ತಿದ್ದರು. ಸದಾ ಮುಖ ಬಿಗಿದುಕೊಂಡು ಕೂರುವ ರಿಸೆಪ್ಷನ್ ಹುಡುಗಿ ಕೂಡ ಚಪ್ಪಲಿ ಬಿಟ್ಟು ಎರಡು ಸಲ ಕುಣಿದಳು.

ಜೀವರಕ್ಷಕರ ಪರೀಕ್ಷೆ ನಡೆಸಲು ಬಂದಿದ್ದ ಪರೀಕ್ಷಕರು ಮಾತ್ರ ನಗಲಿಲ್ಲ. ಸ್ಟಾಪ್‌ವಾಚ್ ನೋಡಿ, ರಿಜಿಸ್ಟರಿನಲ್ಲಿ ಬರೆದುಕೊಂಡು, ಎರಡನೆಯದೂ ಪಾಸು ಎಂದರು. ಕೊಳದ ನಾಲ್ಕು ಉದ್ದ ಈಜುವುದು ಆಗಿತ್ತು, ತಳದಿಂದ ಇಟ್ಟಿಗೆ ತರುವುದೂ ಆಯಿತು. ಇನ್ನು ಉಳಿದದ್ದು ಒಂದೇ: ಮುಳುಗುತ್ತಿರುವವರನ್ನು ದಡಕ್ಕೆ ಎಳೆದು ತರುವುದು. ಟವೆಲಕ್ಕನಿಗೆ ಉಸಿರು ಸಾಲುತ್ತಿರಲಿಲ್ಲ, ಆದರೂ ನಗು ತಡೆಯಲಾಗುತ್ತಿರಲಿಲ್ಲ. ಮೂವತ್ತಾರನೇ ವಯಸ್ಸಿನಲ್ಲಿ ಇಷ್ಟು ಖುಷಿಯಾಗಬಹುದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅವಳ ನಿಜವಾದ ಹೆಸರು ಇದ್ದದ್ದು ಸಂಬಳದ ಪಟ್ಟಿಯಲ್ಲಿ, ಮತ್ತೆ ಸಿಟ್ಟು ಬಂದಾಗ ಅತ್ತೆಯ ಬಾಯಲ್ಲಿ. ಉಳಿದವರಿಗೆಲ್ಲ ಅವಳು ಟವೆಲಕ್ಕ. ಏಳು ವರ್ಷದಿಂದ ಆ ರೆಸಾರ್ಟಿನ ಈಜುಕೊಳದ ಪಕ್ಕದಲ್ಲಿ ನಿಂತು ಅತಿಥಿಗಳಿಗೆ ಒಣ ಟವೆಲು ಕೊಡುವುದು, ಒದ್ದೆಯಾದದ್ದನ್ನು ಹಿಂದಕ್ಕೆ ಪಡೆಯುವುದು, ಒರಗು ಕುರ್ಚಿಗಳನ್ನು ಸಾಲಿಗೆ ತರುವುದು, ಬೆಳಿಗ್ಗೆ ಉದ್ದ ಕೋಲಿನ ಬಲೆಯಿಂದ ನೀರಿನ ಮೇಲಿನ ಎಲೆ ಎತ್ತುವುದು ಅವಳ ಕೆಲಸ. ಅವಳ ಕಪಾಟಿನಿಂದ ಹತ್ತು ಹೆಜ್ಜೆ ದೂರದಲ್ಲಿ ಜೀವರಕ್ಷಕನ ಕುರ್ಚಿ. ಬಿಳಿ ಬಣ್ಣ, ಐದು ಮೆಟ್ಟಿಲು, ಮೇಲೊಂದು ಕೊಡೆ. ಆ ಹತ್ತು ಹೆಜ್ಜೆ ದಾಟಲು ಏಳು ವರ್ಷ ಹಿಡಿದಿತ್ತು.

ಕುರ್ಚಿಯ ಮೇಲಿದ್ದವನು ಸೀಟಿ ಮಾವ. ಕೊರಳಲ್ಲಿ ಸೀಟಿ ಇಲ್ಲದೆ ಅವನನ್ನು ಯಾರೂ ಕಂಡವರಿಲ್ಲ. ಮಲಗುವಾಗಲೂ ತೆಗೆಯುವುದಿಲ್ಲವೆಂದು ಲಾಂಡ್ರಿಯವರು ಆಡಿಕೊಳ್ಳುತ್ತಿದ್ದರು. ಒಂದೂವರೆ ವರ್ಷದ ಹಿಂದೆ ಟವೆಲಕ್ಕ ಎಲೆ ಎತ್ತಲು ಹೋಗಿ ಕೋಲಿನ ಸಮೇತ ನೀರಿಗೆ ಬಿದ್ದು, ಎದ್ದು ನಿಂತು, ಹೆದರುವ ಬದಲು ಬಿದ್ದು ಬಿದ್ದು ನಕ್ಕಿದ್ದಳು. ಅದನ್ನು ನೋಡಿದ ಮಾವ ಮಾರನೆಯ ದಿನದಿಂದಲೇ, ಅತಿಥಿಗಳು ಏಳುವ ಮುಂಚೆ, ಅವಳಿಗೆ ಈಜು ಕಲಿಸತೊಡಗಿದ. ತನ್ನ ಮಂಡಿ ಇನ್ನು ಬಹಳ ದಿನ ಬರುವುದಿಲ್ಲ, ಕುರ್ಚಿಗೆ ಯಾರಾದರೂ ಬೇಕಲ್ಲ ಎಂಬುದು ಅವನ ಲೆಕ್ಕಾಚಾರ. ಈಗ ತಿಂಗಳ ಕೊನೆಗೆ ಅವನು ಕೆಲಸ ಬಿಡುವವನಿದ್ದ. ಪರೀಕ್ಷಕರು ಬರುವುದು ವರ್ಷಕ್ಕೆ ಒಂದೇ ಸಲ. ಟವೆಲಕ್ಕ ಪಾಸಾದರೆ ಕುರ್ಚಿ ಅವಳದು, ಇಲ್ಲದಿದ್ದರೆ ಹೊರಗಿನಿಂದ ಯಾರನ್ನಾದರೂ ತರುತ್ತೇನೆ ಎಂದು ಮ್ಯಾನೇಜರ್ ಕಡ್ಡಿ ಮುರಿದಂತೆ ಹೇಳಿದ್ದರು.

ಮನೆಯಲ್ಲೂ ತಾಲೀಮು ನಡೆದೇ ಇತ್ತು. ಬಚ್ಚಲಲ್ಲಿ ಬಕೆಟ್ಟಿನ ನೀರಿಗೆ ಮುಖ ಅದ್ದಿ ಅವಳು ಉಸಿರು ಹಿಡಿಯುವುದು, ಪಕ್ಕದಲ್ಲಿ ಮಣೆ ಹಾಕಿಕೊಂಡು ಅತ್ತೆ ಅರವತ್ತರವರೆಗೆ ಎಣಿಸುವುದು. ನಲವತ್ತೆಂಟಕ್ಕೆ ಬರುವಷ್ಟರಲ್ಲಿ ಬೀದಿಯಲ್ಲಿ ತರಕಾರಿಯವನ ಕೂಗು ಕೇಳಿದರೆ ಅತ್ತೆಗೆ ಎಣಿಕೆ ತಪ್ಪುತ್ತಿತ್ತು, ತಪ್ಪಿದರೆ ಮತ್ತೆ ಒಂದರಿಂದ ಶುರು. ಸೊಸೆಯ ಉಸಿರು ಎಪ್ಪತ್ತರ ಗಡಿ ದಾಟಿದ್ದು ಹೀಗೆ. ಮೊದಲ ದಿನ ಈಜುಡುಪು ನೋಡಿ ಮುಖ ತಿರುಗಿಸಿದ್ದ ಅದೇ ಅತ್ತೆ ಇವತ್ತು ಬಾಗಿಲವರೆಗೆ ಬಂದು, ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು, ಹೋಗಿ ಬಾ ಎಂದು ಕಳಿಸಿದ್ದರು.

ಮೂರನೆಯ ಪರೀಕ್ಷೆಗೆ ಎಂಬತ್ತು ಕಿಲೋಗೆ ಕಡಿಮೆಯಿಲ್ಲದ, ಈಜು ಬರುವ ಒಬ್ಬರು ಬೇಕು ಎಂದರು ಪರೀಕ್ಷಕರು. ಮುಳುಗುವವರಂತೆ ನಟಿಸಬೇಕಷ್ಟೆ.

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು. ಅಡುಗೆಮನೆಯ ಮಾಸ್ಟರ್ ತೂಕ ನೂರಕ್ಕೆ ಎರಡೇ ಕಿಲೋ ಕಡಿಮೆ. ಮೇಲಾಗಿ ಅವರು ಪ್ರಾಯದಲ್ಲಿ, ನೆರೆ ಬಂದ ಹೊಳೆಯನ್ನು, ತಲೆಯ ಮೇಲೆ ಹಿಟ್ಟಿನ ಮೂಟೆ ಹೊತ್ತು ಈಜಿ ದಾಟಿದವರು. ಆ ಕಥೆ ಕೇಳದೆ ಅವರ ಕೈಕೆಳಗೆ ಈರುಳ್ಳಿ ಹೆಚ್ಚಿದವರು ಯಾರೂ ಇರಲಿಲ್ಲ. ಮೊದಲ ವರ್ಷ ಹತ್ತು ಕಿಲೋ ಇದ್ದ ಮೂಟೆ ಈಗ ಐವತ್ತಕ್ಕೆ ಬಂದು ನಿಂತಿತ್ತು. ಹೊಳೆಯೂ ಅದಕ್ಕೆ ತಕ್ಕಂತೆ ಅಗಲವಾಗಿತ್ತು. "ಮಾಸ್ಟರ್, ಮಾಸ್ಟರ್" ಎಂದು ಅವರ ಕಡೆಯವರೇ ಬೆನ್ನ ಹಿಂದೆ ನಿಂತು ನೂಕಿದರು.

"ಈಜು ಬರುತ್ತೆ ತಾನೆ?" ಎಂದು ಕೇಳಿದರು ಪರೀಕ್ಷಕರು.

"ಒಳ್ಳೇ ಪ್ರಶ್ನೆ ಕೇಳಿದ್ರಿ," ಎಂದರು ಮಾಸ್ಟರ್. ಅವರಿಗೂ ನಗು ಬಂತು, ಸ್ವಲ್ಪ ಜಾಸ್ತಿಯೇ ಬಂತು.

ಪರೀಕ್ಷಕರು ನಿಯಮ ಓದಿದರು. ಮಾಸ್ಟರ್ ಆಳದ ತುದಿಯಲ್ಲಿ ಏಣಿ ಇಳಿದು ಕಂಬಿ ಹಿಡಿದಿರಬೇಕು. ಸೀಟಿ ಊದಿದಾಗ ನಡುವಿಗೆ ಬಂದು ಕೈ ಬೀಸಿ ಕೂಗಬೇಕು. ಆಮೇಲೆ ಟವೆಲಕ್ಕ ಮುಳುಗುವವರನ್ನು ತೇಲಿಸುವ ಕೆಂಪು ಟ್ಯೂಬಿನ ಸಮೇತ ಹಾರಬೇಕು. ಸೀಟಿಗೆ ಮುಂಚೆ ಹಾರಿದರೆ ಅಲ್ಲಿಗೆ ಮುಗಿಯಿತು, ಮತ್ತೆ ಮುಂದಿನ ವರ್ಷವೇ. ಹೋದ ವರ್ಷ ತೋಟದ ಮಾಲಿ ಉತ್ಸಾಹದಲ್ಲಿ ಅರ್ಧ ಸೆಕೆಂಡು ಮುಂಚೆ ಹಾರಿ, ಈಗಲೂ ಗಿಡಗಳಿಗೇ ನೀರು ಹಾಕುತ್ತಿದ್ದ. ಎಲ್ಲರೂ ಅವನ ಕಡೆ ನೋಡಿದರು. ಅವನು ಆಕಾಶ ನೋಡಿದ.

ಟವೆಲಕ್ಕ ಅಂಚಿನಲ್ಲಿ ನಿಂತಳು. ಕಾಲ ಬೆರಳುಗಳು ಟೈಲ್ಸಿನ ತುದಿಯನ್ನು ಕಚ್ಚಿ ಹಿಡಿದಿದ್ದವು. ಮಾಸ್ಟರ್ ಚಡ್ಡಿ ಬನಿಯನ್ನಿನಲ್ಲಿ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು. ಇಳಿಯುತ್ತಾ ಮಾತಾಡುತ್ತಿದ್ದರು: ನೀರು ತಣ್ಣಗಿದೆ, ಹೊಳೆ ನೀರಿನ ಮುಂದೆ ಇದೇನೂ ಅಲ್ಲ, ಟವೆಲಕ್ಕಾ, ನನ್ನನ್ನ ಎತ್ತೋಕೆ ಕ್ರೇನೇ ಬೇಕು. ಅಡುಗೆಮನೆಯವರು ಮಾತಿಗೊಮ್ಮೆ ತಟ್ಟೆ ಬಡಿಯುತ್ತಿದ್ದರು. ಪರೀಕ್ಷಕರು ತಲೆ ತಗ್ಗಿಸಿ ರಿಜಿಸ್ಟರಿನಲ್ಲಿ ಹೊಸ ಪುಟ ತೆರೆದು ಗೀಟು ಎಳೆಯುತ್ತಿದ್ದರು.

ಕೊನೆಯ ಮೆಟ್ಟಿಲಿನಲ್ಲಿ ಮಾಸ್ಟರ್ ಕಾಲು ಜಾರಿತು. ಕೈಯಿಂದ ಕಂಬಿ ತಪ್ಪಿತು. ಅವರು ಒಮ್ಮೆ ಮುಳುಗಿ, ಏಣಿಯಿಂದ ಎರಡು ಮಾರು ದೂರದಲ್ಲಿ ಮೇಲೆ ಬಂದರು.

"ನೋಡ್ರೋ ನಟನೆ," ಎಂದು ಯಾರೋ ಕೂಗಿದರು. ಚಪ್ಪಾಳೆ ಬಿತ್ತು. ಮಾಸ್ಟರಿಗೆ ಅವಸರ, ಸೀಟಿಗೂ ಕಾಯದೆ ಶುರುಮಾಡಿಬಿಟ್ಟರು ಎಂದು ಲಾಂಡ್ರಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಟವೆಲಕ್ಕ ನಗಲಿಲ್ಲ. ಮಾಸ್ಟರ್ ಕೈ ಬೀಸುತ್ತಿರಲಿಲ್ಲ; ನೀರನ್ನು ಕೆಳಕ್ಕೆ ಒತ್ತುತ್ತಿದ್ದರು. ಬಾಯಿ ನೀರಿನ ಮಟ್ಟಕ್ಕೆ ಬಂದು ತೆರೆಯುತ್ತಿತ್ತು, ಮತ್ತೆ ಮುಳುಗುತ್ತಿತ್ತು. ಕಣ್ಣು ಎಲ್ಲಿ ನೋಡುತ್ತಿತ್ತೋ ಗೊತ್ತಾಗುತ್ತಿರಲಿಲ್ಲ. ಮತ್ತೆ, ಆ ಬಾಯಿಂದ ಒಂದು ಮಾತೂ ಬರುತ್ತಿರಲಿಲ್ಲ. ಮೊದಲ ವಾರವೇ ಸೀಟಿ ಮಾವ ಹೇಳಿದ್ದ: "ಕೂಗೋರಿಗೆ ಇನ್ನೂ ಉಸಿರಿರುತ್ತೆ ಕಣಮ್ಮ. ಮಾತಾಡ್ತಾ ಇದ್ದೋರು ಸುಮ್ಮನಾದ್ರೆ, ಅವರನ್ನ ನೋಡು." ಏಳು ವರ್ಷದಲ್ಲಿ ಮಾಸ್ಟರ್ ಸುಮ್ಮನಾದದ್ದನ್ನು ಅವಳು ನೋಡುತ್ತಿದ್ದುದು ಇದೇ ಮೊದಲು.

ಪರೀಕ್ಷಕರ ಸೀಟಿ ಇನ್ನೂ ಅವರ ಎದೆಯ ಮೇಲೇ ತೂಗುತ್ತಿತ್ತು. ಅವಳು ಹಾರಿದಳು.

"ಫೌಲ್," ಎಂಬ ಕೂಗು ನೀರೊಳಕ್ಕೆ ಹೋಗುವಾಗಲೇ ಕೇಳಿಸಿತು. ವಾಪಸ್ ಬಾ ಎಂದೂ ಕೇಳಿಸಿತು. ಅವಳು ಹೋದಳು. ಹಿಂದಿನಿಂದ ಹಿಡಿಯುವಷ್ಟು ಸಮಯ ಸಿಗಲಿಲ್ಲ. ಮಾಸ್ಟರ್ ಎರಡೂ ಕೈಯಲ್ಲಿ ಅವಳ ಕೊರಳಿಗೆ ಜೋತುಬಿದ್ದರು. ತೊಂಬತ್ತೆಂಟು ಕಿಲೋ ಭಯ ಅದು. ಇಬ್ಬರೂ ಮುಳುಗಿದರು. ಮೇಲಕ್ಕೆ ಎಳೆದಾಡಬೇಡ, ಇನ್ನೂ ಕೆಳಕ್ಕೆ ಹೋಗು, ಅವರೇ ಬಿಡುತ್ತಾರೆ ಎಂದು ಮಾವ ಕಲಿಸಿದ್ದ. ಅವಳು ಕೆಳಕ್ಕೆ ಹೋದಳು. ಮನಸ್ಸಿನಲ್ಲಿ ಅತ್ತೆ ಎಣಿಸತೊಡಗಿದರು. ಹನ್ನೊಂದಕ್ಕೆ ಕೈ ಸಡಿಲವಾಯಿತು. ಅವಳು ಜಾರಿಕೊಂಡು ಅವರ ಬೆನ್ನಿನ ಕಡೆಗೆ ಹೋಗಿ, ಕಂಕುಳಿಗೆ ಟ್ಯೂಬು ತುರುಕಿ, ಗಾಳಿಗೆ ಬಂದು, ಕಾಲು ಬಡಿಯುತ್ತಾ ದಡಕ್ಕೆ ಎಳೆದಳು. ಕಾಲು ಬಡಿದಂತೆಲ್ಲ ಮೈಯಲ್ಲಿ ಎಲ್ಲಿಂದಲೋ ಶಕ್ತಿ ಉಕ್ಕಿ ಬರುತ್ತಿತ್ತು. ತರುತ್ತೇನೆ, ತರುತ್ತೇನೆ, ತಂದೇ ತರುತ್ತೇನೆ ಎನ್ನುವುದೊಂದೇ ಅವಳ ತಲೆಯಲ್ಲಿತ್ತು.

ನಾಲ್ಕು ಜನ ಸೇರಿ ಮಾಸ್ಟರನ್ನು ಮೇಲಕ್ಕೆಳೆದರು. ಅವರು ಕೆಮ್ಮಿದರು, ನೀರು ಕಕ್ಕಿದರು, ಟೈಲ್ಸಿನ ಮೇಲೆ ಕುಕ್ಕರಗಾಲಿನಲ್ಲಿ ಕೂತರು. ಅಡುಗೆಮನೆಯವರು ಬೆನ್ನು ತಟ್ಟಿ, ಏನ್ ನಟನೆ ಮಾಸ್ಟರ್, ನಾವೇ ಹೆದರಿಬಿಟ್ವಿ ಎಂದು ಹೊಗಳಿದರು. ಮಾಸ್ಟರ್ ಒಂದು ಕೈ ಎತ್ತಿ ಹೊಗಳಿಕೆ ಸ್ವೀಕರಿಸಿದರು.

ಪರೀಕ್ಷಕರು ರಿಜಿಸ್ಟರಿನಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿದರು: ಸೀಟಿಗೆ ಮುಂಚೆ ಹಾರಿದ್ದಾರೆ. ಸೀಟಿ ಮಾವ ಕೊಳದ ಆಚೆ ತುದಿಯ ಕುರ್ಚಿಯಿಂದ ಇಳಿದು, ಮಂಡಿಯ ನೋವು ಮರೆತು ಓಡಿ ಬಂದ. ಅದು ನಟನೆಯಾಗಿರಲಿಲ್ಲ, ಮೂವತ್ತು ವರ್ಷದಿಂದ ಇದನ್ನೇ ನೋಡುತ್ತಿದ್ದೇನೆ ಎಂದು ವಾದಿಸಿದ. ಅವಳು ನಿಮ್ಮ ಶಿಷ್ಯೆ, ನಿಮ್ಮ ಮಾತನ್ನು ಹೇಗೆ ಬರೆದುಕೊಳ್ಳಲಿ ಎಂದು ಪರೀಕ್ಷಕರು ಟವೆಲಕ್ಕನ ಕಡೆ ತಿರುಗಿದರು. "ನೀವೇ ಹೇಳಿ. ಯಾಕೆ ಹಾರಿದ್ರಿ?"

ಅವಳು ಬಾಯಿ ತೆರೆದಳು. ಮಾಸ್ಟರ್ ಅವಳನ್ನೇ ನೋಡುತ್ತಿದ್ದರು. ಅವರ ಸುತ್ತ ಅವರ ಕಡೆಯ ಹದಿನಾಲ್ಕು ಜನ. ಹದಿನಾಲ್ಕು ಜನರೂ ಆ ಹೊಳೆಯ ಕಥೆ ಕೇಳಿದವರು. ಮಾಸ್ಟರ್ ಕಣ್ಣುಗಳಲ್ಲಿದ್ದ ಮೊರೆ ನೋಡಿ ಅವಳಿಗೆ ಸಿಟ್ಟೂ ಬಂತು, ಅಯ್ಯೋ ಅನ್ನಿಸಿತು ಕೂಡ.

"ನನಗೆ ಹಾರಬೇಕು ಅನ್ನಿಸ್ತು ಸರ್," ಎಂದಳು.

ಪರೀಕ್ಷಕರು ಪೆನ್ನಿನ ಮುಚ್ಚಳ ಹಾಕಿದರು. ಟವೆಲಕ್ಕನಿಗೆ ಅಳು ಬಂತು. ಈಜುವವರಿಗೆ ಅದೊಂದು ಅನುಕೂಲ, ಮುಖ ಮೊದಲೇ ಒದ್ದೆಯಾಗಿರುತ್ತದೆ. ಅವಳು ತನ್ನ ಕಪಾಟಿಗೆ ಹೋದಳು. ಕೈಗೆ ಬೇರೆ ಕೆಲಸ ಗೊತ್ತಿರಲಿಲ್ಲ; ಮೇಲಿನ ಒಣ ಟವೆಲು ತೆಗೆದು, ಬಿಡಿಸಿಕೊಂಡು ಬಂದು, ಏಳು ವರ್ಷದಿಂದ ಎಲ್ಲರಿಗೂ ಮಾಡಿದ ಹಾಗೆ ಮಾಸ್ಟರ್ ಹೆಗಲಿಗೆ ಹೊದಿಸಿದಳು. "ತಲೆ ಒರೆಸ್ಕೊಳ್ಳಿ, ಶೀತ ಆಗುತ್ತೆ," ಎಂದು ಹೇಳಿ ವಾಪಸ್ ಹೋಗಿ, ಉಳಿದದ್ದನ್ನು ಮಡಚತೊಡಗಿದಳು.

ಮಾಸ್ಟರ್ ತಲೆ ಒರೆಸಿಕೊಳ್ಳಲಿಲ್ಲ. ಟವೆಲಿನ ಎರಡು ತುದಿಯನ್ನು ಎದೆಗೆ ಎಳೆದುಕೊಂಡರು. ತಟ್ಟೆ ಸೌಟಿನವರು ಆಗಲೇ ಅಡುಗೆಮನೆ ಕಡೆ ಹೊರಟಿದ್ದರು.

"ಸರ್, ಪೆನ್ನು ತೆಗೀರಿ," ಎಂದರು ಮಾಸ್ಟರ್. "ಬರ್ಕೊಳ್ಳಿ. ನನಗೆ ಈಜು ಬರಲ್ಲ."

ಹೊರಟವರು ನಿಂತರು. ಸೌಟೊಂದು ಕೆಳಗೆ ಬಿತ್ತು.

"ಮತ್ತೆ ಹೊಳೆ?" ಎಂದಿತು ಹಿಂದಿನಿಂದ ಒಂದು ದನಿ. ತಮಾಷೆಯ ದನಿಯಲ್ಲ, ನಿಜವಾಗಿ ನೊಂದ ದನಿ.

"ಹೊಳೆ ದಾಟಿದ್ದು ನಿಜ," ಎಂದರು ಮಾಸ್ಟರ್. "ಸೇತುವೆ ಮೇಲೆ."

ಮಾಸ್ಟರ್ ತಲೆ ತಗ್ಗಿಸಿಕೊಂಡೇ ಮುಂದುವರಿಸಿದರು. "ಕಾಲು ಜಾರ್ತು. ಕೂಗೋಣ ಅಂದ್ರೆ ದನಿಯೇ ಬರ್ಲಿಲ್ಲ. ನೀವೆಲ್ಲ ಚಪ್ಪಾಳೆ ತಟ್ತಾ ಇದ್ರಿ, ಅದು ಮಾತ್ರ ಚೆನ್ನಾಗಿ ಕೇಳಿಸ್ತಿತ್ತು. ಆಯಮ್ಮ ಸೀಟಿಗೆ ಕಾದಿದ್ರೆ ನಾನು ಇಲ್ಲಿ ಕೂತಿರ್ತಿರ್ಲಿಲ್ಲ."

ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ಬರೆದದ್ದರ ಮೇಲೆ ಗೀಟೆಳೆದು, ಪಕ್ಕದಲ್ಲಿ ಸಹಿ ಮಾಡಿ, ಕೊರಳಿನ ಸೀಟಿಯನ್ನು ತೆಗೆದು ಜೇಬಿಗೆ ಹಾಕಿಕೊಂಡರು. "ಅವರು ಮುಂಚೆ ಹಾರಲಿಲ್ಲ," ಎಂದರು. "ನನ್ನ ಸೀಟಿ ತಡವಾಯ್ತು. ಮೂರೂ ಪಾಸು."

ಆಮೇಲೆ ಎದ್ದ ಗದ್ದಲಕ್ಕೆ ಮ್ಯಾನೇಜರ್ ತಮ್ಮ ಕೋಣೆಯಿಂದ ಓಡಿ ಬರಬೇಕಾಯಿತು. ಸೀಟಿ ಮಾವ ತನ್ನ ಸೀಟಿ ತೆಗೆದು ಟವೆಲಕ್ಕನ ಕೊರಳಿಗೆ ಹಾಕಿದ. ಅವನ ಬರಿಗೊರಳು ನೋಡಿ ಲಾಂಡ್ರಿಯವರು ಗುರುತೇ ಸಿಗುವುದಿಲ್ಲ ಎಂದರು. ಟವೆಲಕ್ಕ ಮಡಚುತ್ತಿದ್ದ ಟವೆಲಿನಲ್ಲೇ ಮುಖ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು, ಆದರೂ ಒದ್ದೆ ನಿಲ್ಲಲಿಲ್ಲ. ಮನೆಗೆ ಹೋಗಿ ಹೇಳಿದಾಗ ಅತ್ತೆ ಎಲ್ಲ ಕೇಳಿಕೊಂಡು, ಅಂದರೆ ಇನ್ನು ಮೇಲೆ ದಿನವಿಡೀ ಕುರ್ಚಿಯಲ್ಲಿ ಕೂರೋದಕ್ಕೇ ಸಂಬಳವಾ ಎಂದು ಕೇಳಿದರು. ರಾತ್ರಿ ಮಲಗುವ ಮುಂಚೆ ಬಚ್ಚಲಿನ ಆ ಬಕೆಟ್ಟನ್ನು ಬೋರಲು ಹಾಕಿ, ಸೊಸೆಯ ತಲೆ ಸವರಿ ಹೋದರು.

ಮುಂದಿನ ತಿಂಗಳ ಮೊದಲನೇ ದಿನ ಅವಳು ಅರ್ಧ ಗಂಟೆ ಮುಂಚೆಯೇ ಬಂದಳು. ಬಿಸಿಲು ಇನ್ನೂ ಗೋಡೆ ದಾಟಿರಲಿಲ್ಲ. ಐದು ಮೆಟ್ಟಿಲು ಹತ್ತಿ ಕೂತಳು. ಮೇಲಿನಿಂದ ಕೊಳದ ತಳದ ಒಂದೊಂದು ಟೈಲ್ಸೂ ಕಾಣುತ್ತಿತ್ತು, ತನ್ನ ಹಳೆಯ ಕಪಾಟು ಪುಟ್ಟದಾಗಿ ಕಾಣುತ್ತಿತ್ತು. ಇಷ್ಟು ಹೊತ್ತಿಗೆ ಯಾರೂ ಇರುವುದಿಲ್ಲ ಎಂದುಕೊಂಡಿದ್ದಳು. ಅಡುಗೆಮನೆಯ ಬಾಗಿಲು ತೆರೆಯಿತು.

ಮಾಸ್ಟರ್ ಚಡ್ಡಿ ಬನಿಯನ್ನಿನಲ್ಲಿದ್ದರು. ಕಪಾಟಿನಿಂದ ತಾವೇ ಒಂದು ಟವೆಲು ತೆಗೆದುಕೊಂಡು, ಆಳವಿಲ್ಲದ ತುದಿಗೆ ಹೋಗಿ, ಅಂಚಿನಲ್ಲಿಟ್ಟು, ಎರಡೂ ಕೈಯಲ್ಲಿ ಕಂಬಿ ಹಿಡಿದರು. ಒಲೆಯ ಮೇಲೆ ನೀರಿಟ್ಟು ಬಂದಿದ್ದೇನೆ, ಜಾಸ್ತಿ ಹೊತ್ತಿಲ್ಲ ಎಂದು ಅವಳ ಕಡೆ ನೋಡದೆ ಹೇಳಿದರು. ಒಂದು ಮೆಟ್ಟಿಲು ಇಳಿದರು. ಇದೇನು ಹೀಗೆ ತಣ್ಣಗಿದೆ, ನೀರು ಬಿಸಿ ಮಾಡೋ ಮೆಷಿನ್ನಿಗೆ ಏನಾಗಿದೆ ಎಂದರು. ಇನ್ನೊಂದು ಇಳಿದರು. ಐವತ್ತೆರಡು ವರ್ಷಕ್ಕೆ ಇದೆಲ್ಲ ಬೇಕಿತ್ತಾ ಎಂದು ಹೆಂಡತಿ ಬೈದದ್ದನ್ನು ಹೇಳತೊಡಗಿದರು. ನೀರು ಮೊಣಕಾಲು ದಾಟಿತು, ತೊಡೆ ದಾಟಿತು.

ನೀರು ಸೊಂಟಕ್ಕೆ ಬಂದಾಗ ಮಾಸ್ಟರ್ ಮಾತು ನಿಂತಿತು.

ಟವೆಲಕ್ಕ ಕುರ್ಚಿಯಿಂದ ಎದ್ದು ನಿಂತಳು.